ಕಣ್ಣು ಕಿರಿದು ಮಾಡುವ ಮಗುವನ್ನು ಗದರಬೇಡಿ

ಮಾನ್ಯ ಸಂಪಾದಕರೇ,

ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುವ ಮಕ್ಕಳನ್ನು ‘ಹಾಗೆ ನೋಡಿದರೆ ಕಣ್ಣು ಹಾಳಾಗುತ್ತೆ’ ಎಂದು ಗದರುವವರಿದ್ದಾರೆ. ಹಾಳಾಗುವುದಿಲ್ಲ. ಕಣ್ಣಿನ ತಪಾಸಣೆಯಲ್ಲಿ ಮಾಡುವ ಒಂದು ಪರೀಕ್ಷೆಯನ್ನೇ ಆ ಮಗು ತನಗರಿವಿಲ್ಲದೆ ಮಾಡಿಕೊಳ್ಳುತ್ತಿರುತ್ತದೆ. (ಮೆಳ್ಳೆಗಣ್ಣು ಬೇರೆ ಸಂಗತಿ.)

ಸಮೀಪದೃಷ್ಟಿಯ (ಹತ್ತಿರದ್ದು ಕಂಡು ದೂರದ್ದು ಮಸುಕಾಗುವ) ಕಣ್ಣಿನಲ್ಲಿ ದೂರದ ಬೆಳಕು ಹಿಂಭಾಗದ ಪರದೆಯಾದ ಅಕ್ಷಿಪಟಲ ಮುಟ್ಟುವ ಮೊದಲೇ ಕೂಡಿ, ಮತ್ತೆ ಹರಡಿಕೊಂಡು ಬೀಳುತ್ತದೆ. ಚುಕ್ಕೆ ಬಿಲ್ಲೆಯಾಗುತ್ತದೆ. ಬಿಲ್ಲೆ ಎಷ್ಟು ದೊಡ್ಡದೆಂಬುದು ಕಣ್ಣಿನ ನಂಬರಿನ ಮೇಲೂ ಪಾಪೆಯ ಅಗಲದ ಮೇಲೂ ನಿಂತಿದೆ. ನಂಬರು ಮೈನಸ್ 2, ಪಾಪೆ 4 ಮಿ.ಮೀ. ಇದ್ದರೆ 6 ಮೀಟರ್ ದೂರದ ಚುಕ್ಕೆ ಅಲ್ಲೇ ಸುಮಾರು 4.5 ಸೆಂ.ಮೀ. ಅಗಲದ ಮಸುಕಾಗಿ ಕಾಣುತ್ತದೆ. ಬೆಳಕು ಬರುವ ದಾರಿಯನ್ನು 1.2 ಮಿ.ಮೀ.ಗೆ ಕಿರಿದು ಮಾಡಿ, ಮಸುಕು 1.3 ಸೆಂ.ಮೀ.ಗೆ ಇಳಿಯುತ್ತದೆ. ನಂಬರು ಮಾತ್ರ ಇದ್ದಷ್ಟೇ ಇರುತ್ತದೆ.

ರೆಪ್ಪೆಗಳು ಮಾಡುವುದು ರಂಧ್ರವನ್ನಲ್ಲ, ಅಡ್ಡ ಸೀಳನ್ನು. ಆದ್ದರಿಂದ ಮೇಲೆ-ಕೆಳಗಿನ ಮಸುಕಷ್ಟೇ ಕಡಿಮೆಯಾಗುತ್ತದೆ. ಸಮೀಪದೃಷ್ಟಿ ಇರುವವರು ಕನ್ನಡಕ ತೆಗೆದು, ದೂರದ ಗೋಡೆಯ ಮೇಲೆ ಬರೆದ ‘+’ ಗುರುತನ್ನು ಹೀಗೆ ನೋಡಲಿ: ಅಡ್ಡಗೆರೆ ಚೊಕ್ಕವಾಗುತ್ತದೆ, ನಿಲುವುಗೆರೆ ಹೆಚ್ಚುಕಡಿಮೆ ಮಸುಕಾಗಿಯೇ ಉಳಿಯುತ್ತದೆ. ರೆಪ್ಪೆಯ ಒತ್ತಡಕ್ಕೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಬಾಗು ತುಸು ಬದಲಾಗುವುದೂ ಉಂಟು, ಆದರೆ ಮುಖ್ಯ ಕೆಲಸ ಸೀಳಿನದೇ. ಅಂದಹಾಗೆ, ಸಮೀಪದೃಷ್ಟಿಗಿರುವ ‘ಮಯೋಪಿಯಾ’ ಎಂಬ ಗ್ರೀಕ್ ಮೂಲದ ಹೆಸರಲ್ಲೇ ‘ಕಣ್ಣು ಮುಚ್ಚು’ ಎಂಬರ್ಥ ಅಡಗಿದೆ.

ತಪಾಸಣೆಯ ಆ ಪರೀಕ್ಷೆ ಹೀಗೆ: ದಪ್ಪ ಕಪ್ಪು ಕಾಗದದಲ್ಲಿ ಒಂದು ಮಿ.ಮೀ.ಗಿಂತ ಸ್ವಲ್ಪ ದೊಡ್ಡದಾಗಿ, ಅಂಚು ಹರಿಯದಂತೆ ಸೂಜಿಯಿಂದ ರಂಧ್ರ ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಅದನ್ನು ಹತ್ತಿರ ಹಿಡಿದು, ಒಳ್ಳೆಯ ಬೆಳಕಿನಲ್ಲಿ ದೂರದ ಅಕ್ಷರ ಓದಿ. ಸೂರ್ಯನನ್ನು ನೋಡಲೇಬಾರದು. ರಂಧ್ರ ತೀರಾ ಚಿಕ್ಕದಾದರೆ ಮಬ್ಬು ಕವಿಯುತ್ತದೆ, ಬೆಳಕು ಅಂಚಿನಲ್ಲಿ ಬಾಗಿ ಅಕ್ಷರ ಮತ್ತೆ ಕದಡುತ್ತದೆ. ಓದು ಸುಧಾರಿಸಿದರೆ ಅದು ಬಹುಮಟ್ಟಿಗೆ ಕನ್ನಡಕದಿಂದ ಸರಿಹೋಗುವ ದೋಷ. ಸುಧಾರಿಸದಿದ್ದರೆ ನಂಬರು ಬಹಳ ಹೆಚ್ಚಿರಬಹುದು, ಇಲ್ಲವೇ ಪೊರೆ, ಅಕ್ಷಿಪಟಲ, ನರ ಅಥವಾ ಸೋಮಾರಿ ಕಣ್ಣಿನ (ಮೆದುಳು ಆ ಕಣ್ಣಿನ ನೋಟವನ್ನು ಸರಿಯಾಗಿ ಬಳಸದ) ತೊಂದರೆ ಇರಬಹುದು. ಆಗ ತಡಮಾಡದೆ ನೇತ್ರತಜ್ಞರಿಗೆ ತೋರಿಸಬೇಕು.

ಸಣ್ಣ ತೂತುಗಳ ಕನ್ನಡಕ ಹಾಕಿಕೊಂಡರೆ ನಂಬರು ಇಳಿಯುತ್ತದೆಂಬ ಜಾಹೀರಾತನ್ನು ಈ ಲೆಕ್ಕದಲ್ಲೇ ನೋಡಿ. ಹಾಕಿಕೊಂಡಾಗ ಚೆನ್ನಾಗಿ ಕಾಣುವುದು ನಿಜ, ತೆಗೆದರೆ ಹಳೆಯ ಮಸುಕೇ. ಬದಿಯ ನೋಟವನ್ನೂ ಅದು ಕತ್ತರಿಸುವುದರಿಂದ ವಾಹನ ಓಡಿಸುವಾಗ ಅಪಾಯ. ಕತ್ತಲಲ್ಲಂತೂ ಕಣ್ಣು ಕಿರಿದು ಮಾಡುವುದೂ ಅಷ್ಟಾಗಿ ಕೈಹಿಡಿಯದು: ಪಾಪೆ ಅರಳಿ ಮಸುಕು ಹಿಗ್ಗಿರುತ್ತದೆ, ಸೀಳು ಇದ್ದಬದ್ದ ಬೆಳಕನ್ನೂ ತಡೆಯುತ್ತದೆ. ಚಾಳೀಸು ಬಂದವರು ಸಣ್ಣಕ್ಷರವನ್ನು ಕಿಟಕಿಯ ಬಳಿ ಒಯ್ದು ಓದುವುದರಲ್ಲೂ ಇದೇ ಸೂತ್ರವಿದೆ. ಅಲ್ಲಿ ರೆಪ್ಪೆಯ ಬದಲು ಬೆಳಕೇ ಪಾಪೆಯನ್ನು ಕಿರಿದು ಮಾಡುತ್ತದೆ.

– ಒಬ್ಬ ಆಪ್ಟೊಮೆಟ್ರಿಸ್ಟ್