ಷೇರು ಕೊಂಡ ಮಾಣಿಗೆ

ಶಿರಸಿ

ಚಿ. ಮಾಣಿಗೆ ಸೋದರಮಾವನ ಆಶೀರ್ವಾದಗಳು.

ಷೇರು ತಗೊಂಡೆ ಅಂತ ಫೋನಿನಲ್ಲಿ ಹೇಳಿದೆ. ಖುಷಿಯಾಯಿತು. ಆದರೆ ರೇಟು ಬಿಟ್ಟು ಬೇರೆ ಏನೂ ಹೇಳಲಿಲ್ಲ, ಅದಕ್ಕೇ ಈ ಪತ್ರ.

ನಮ್ಮ ಮನೆಯಲ್ಲಿ ಷೇರು ಅಂದರೆ ತೋಟಗಾರ್ಸ್ ಸೇಲ್ ಸೊಸೈಟಿಯದು. ಅಡಿಕೆ ಬೆಳೆಯುವವರು ಸೇರಿ 1923ರಲ್ಲಿ ಕಟ್ಟಿಕೊಂಡದ್ದು. ಅಲ್ಲಿ ಎಷ್ಟು ಷೇರಿದ್ದರೂ ಓಟು ಒಂದೇ. ಷೇರಿಗೆ ದಿನಕ್ಕೊಂದು ರೇಟೂ ಇಲ್ಲ. ನೀನು ಷೇರುಪೇಟೆಯಲ್ಲಿ ಕೊಂಡಂಥ ಕಂಪನಿಯಲ್ಲಿ ಷೇರಿಗೊಂದು ಓಟು. ಆ ಷೇರನ್ನು ಯಾರಿಗೆ ಬೇಕಾದರೂ ಮಾರಬಹುದು.

ದಾಂಡೇಲಿಯ ಪೇಪರ್ ಮಿಲ್ಲನ್ನೇ ತಗೋ. (ಕೊಳ್ಳು ಅಂತಲ್ಲ ಮಾರಾಯ, ನೋಡಿದ ಊರಿನದು ಅಂತ ಹೇಳಿದೆ.) 1955ರ ಕಂಪನಿ. ಅದರ ಷೇರು ನಿನ್ನ ಹತ್ತಿರ ಇದ್ದರೆ ಆ ಮಿಲ್ಲಿನಲ್ಲಿ ನಿನಗೂ ಚೂರು ಪಾಲು. ಆದರೆ ಮೊದಲು ಮರ ಕೊಟ್ಟವರಿಗೆ ದುಡ್ಡು ಹೋಗಬೇಕು. ಕೆಲಸದವರ ಸಂಬಳ, ಕೆಮಿಕಲ್, ಬ್ಯಾಂಕಿನ ಬಡ್ಡಿ, ತೆರಿಗೆ, ಎಲ್ಲ ಚುಕ್ತಾ ಆಗಬೇಕು. ಆಮೇಲೆ ಉಳಿದದ್ದು ಷೇರುದಾರರದ್ದು. ಉಳಿಯದಿದ್ದರೆ ಜಗಳ ಮಾಡುವಂತಿಲ್ಲ. ಕಂಪನಿ ಮುಚ್ಚಿದರೂ ನಿನ್ನ ಸರದಿ ಕೊನೆಗೆ. ಸಾಲ ಕೊಟ್ಟವರು ನಿನ್ನ ಮನೆ ಬಾಗಿಲಿಗೆ ಬರುವಂತಿಲ್ಲ, ಅದೊಂದು ಸಮಾಧಾನ. ಹೋದರೆ ಹಾಕಿದ್ದಷ್ಟೇ.

ಲಾಭದಲ್ಲಿ ಸ್ವಲ್ಪ ಡಿವಿಡೆಂಡ್ ಆಗಿ ಕೈಗೆ ಬರಬಹುದು. ಮಿಕ್ಕದ್ದು ಕಂಪನಿಯಲ್ಲೇ ಉಳಿದು ಹೊಸ ಮೆಷಿನ್ ಆಗುತ್ತದೆ, ಸಾಲ ತೀರಿಸುತ್ತದೆ, ಇಲ್ಲಾ ಸುಮ್ನೆ ಪೋಲಾಗುತ್ತದೆ. ಷೇರಿನ ಬೆಲೆ ಹುಟ್ಟುವುದೇ ಇಲ್ಲಿ. ಭಾವ ತೋಟ ಕೊಳ್ಳಲು ಹೊರಟರೆ ಏನು ವಿಚಾರಿಸುತ್ತಾರೆ ನೋಡು. ಹಿಂದಿನ ವರ್ಷಗಳ ಫಸಲು, ಬೇಸಿಗೆಯ ನೀರು, ಕೊಳೆ ರೋಗ. ಪಕ್ಕದವರು ಎಷ್ಟಕ್ಕೆ ಕೇಳಿದ್ದರು ಅನ್ನುವುದು ಆಮೇಲಿನ ಮಾತು. ನೀನು ಅದೊಂದನ್ನೇ ಕೇಳಿಕೊಂಡು ಬಂದಿದ್ದೀಯ.

ಇನ್ನೊಂದು ವಿಷಯ. ನೀನು ಕೊಟ್ಟ ದುಡ್ಡು ಕಂಪನಿಗೆ ಹೋಗಿಲ್ಲ, ನಿನಗೆ ಷೇರು ಮಾರಿದವನಿಗೆ ಹೋಗಿದೆ. ಐಪಿಒದಲ್ಲಿ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವಾಗ, ಹೊಸ ಷೇರು ಕೊಟ್ಟರೆ ದುಡ್ಡು ಕಂಪನಿಗೆ ಹೋಗುತ್ತದೆ, ನಿಜ. ಅಲ್ಲೂ ಹಳೇ ಪಾಲುದಾರರು ತಮ್ಮದನ್ನು ಮಾರಿಕೊಳ್ಳುವುದುಂಟು. ಅರ್ಜಿ ಹಾಕುವ ಮುಂಚೆ ಯಾವುದು ಎಷ್ಟು ಅಂತ ನೋಡು.

ಬೋನಸ್ ಷೇರು ಬಂತು ಅಂತ ಕುಣಿಯಲೂ ಬೇಡ. ಇದ್ದ ಷೇರಿಗೆ ಕಂಪನಿ ದುಡ್ಡಿಲ್ಲದೆ ಕೊಡುವ ಷೇರು ಅದು. ಒಂದಕ್ಕೊಂದು ಕೊಟ್ಟರೆ ನೂರು ಷೇರು ಇನ್ನೂರಾಗುತ್ತದೆ, ರೇಟು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಿನ್ನ ಪಾಲು ಇದ್ದಷ್ಟೇ ಅಲ್ವಾ?

ನೀನು ಷೇರು ಕೊಂಡ ಕಂಪನಿಯ ವಾರ್ಷಿಕ ವರದಿ ನೆಟ್‌ನಲ್ಲಿ ಸಿಗುತ್ತದೆ. ಐದು ವರ್ಷದ್ದು ಇಳಿಸಿಕೋ. ಲಾಭ, ಸಾಲ, ಕಂಪನಿಯ ಕೈಗೆ ನಿಜವಾಗಿ ಬಂದ ನಗದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಾ. ಹಬ್ಬಕ್ಕೆ ಬಂದಾಗ ಕೂತು ನೋಡೋಣ. ಅಲ್ಲಿಯವರೆಗೆ ಹೊಸದಾಗಿ ಕೊಳ್ಳಬೇಡ.

ಇತಿ,
ನಿನ್ನ ಮಾವ