ಭಾವಚಿತ್ರದಲ್ಲಿರುವವರ ಹೆಸರೆಲ್ಲಿ?

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಬಂತೆಂದರೆ ಊರೂರಲ್ಲಿ ಫೋಟೊ ಪ್ರದರ್ಶನಗಳು. ಗೋಡೆ ತುಂಬ ಮುಖಗಳು. ಕೆಳಗಿನ ಚೀಟಿ ಓದಿದರೆ ‘ಹಳ್ಳಿಯ ಅಜ್ಜಿ’, ‘ಮುಗ್ಧ ನಗು’, ‘ಬದುಕಿನ ಭಾರ’. ತೆಗೆದವರ ಹೆಸರಿರುತ್ತದೆ, ಲೆನ್ಸ್, ಕ್ಯಾಮೆರಾದ ಬೆಳಕಿನ ಸಂವೇದನೆ ಸೂಚಿಸುವ ಐಎಸ್‌ಒ ಕೂಡ ಇರುತ್ತವೆ. ಆ ಅಜ್ಜಿ ಯಾರು ಎಂಬುದು ಮಾತ್ರ ಇರುವುದಿಲ್ಲ.

ಈ ಚಾಳಿ ಹಳೆಯದು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಫೋಟೊ ಗ್ರಂಥದಲ್ಲಿ ಬ್ರಿಟಿಷರು ನಮ್ಮ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳೆಂದು ಜೋಡಿಸಿಟ್ಟರು. 1869ರಲ್ಲಿ ಲ್ಯಾಂಪ್ರಿ ಎಂಬ ಬ್ರಿಟಿಷನು ಮರದ ಚೌಕಟ್ಟಿಗೆ ಎರಡೆರಡು ಇಂಚಿಗೆ ರೇಷ್ಮೆ ದಾರ ಕಟ್ಟಿ, ಅದರ ಮುಂದೆ ಮನುಷ್ಯರನ್ನು ನಿಲ್ಲಿಸಿ ಮೈಯಳತೆಗೆ ಫೋಟೊ ತೆಗೆಯುವ ಕ್ರಮ ಹೇಳಿಕೊಟ್ಟ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅಂಥದೇ ಚೌಕುಳಿ ಪರದೆಯ ಮುಂದೆ ನೀಲಗಿರಿಯ ತೋಡ ಬುಡಕಟ್ಟಿನ ಹೆಣ್ಣಿನ ವೇಷದಲ್ಲಿ ತಾವೇ ನಿಂತರು. ನೋಡುವವರ ಕಣ್ಣು ಮೊದಲು ಹೋಗುವುದು ಆ ಪರದೆಗೆ. ‘ಹಳ್ಳಿಯ ಅಜ್ಜಿ’ ಎಂಬ ಚೀಟಿಯೂ ವ್ಯಕ್ತಿಯನ್ನು ಮರೆಸಿ ಮಾದರಿಯನ್ನಷ್ಟೇ ತೋರುವ ಅದೇ ಕೆಲಸ ಮಾಡುತ್ತಿದೆ.

ಕ್ಯಾಮೆರಾ ಎತ್ತುವ ಮೊದಲೇ ಹೆಸರು ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಬೇಕು. ಒಪ್ಪಿಗೆ ಪತ್ರ ಅವರಿಗೆ ಗೊತ್ತಿರುವ ಭಾಷೆಯಲ್ಲಿರಲಿ. ಪ್ರದರ್ಶನಕ್ಕೆ, ಸ್ಪರ್ಧೆಗೆ, ಫೇಸ್‌ಬುಕ್ಕಿಗೆ ಬೇರೆ ಬೇರೆಯಾಗಿ ಕೇಳಬೇಕು. ಒಂದಕ್ಕೆ ಹೂಂ ಅಂದವರು ಇನ್ನೊಂದಕ್ಕೆ ಬೇಡ ಅನ್ನಬಹುದು. ಹೆಸರು ಹಾಕಬೇಡಿ ಅಂದರೆ ಚೀಟಿಯಲ್ಲಿ ‘ಅವರ ಇಚ್ಛೆಯಂತೆ ಹೆಸರು ಕೊಟ್ಟಿಲ್ಲ’ ಎಂದು ಬರೆದರಾಯಿತು.

ಹೆಸರಿನಂತೆ ಮುಖವೂ ಅವರದೇ ಆಗಿ ಉಳಿಯಬೇಕು. ಚೌಕಟ್ಟಿನ ತುಂಬ ಕಪ್ಪು ಮುಖವಿದ್ದಾಗ ಕ್ಯಾಮೆರಾದ ಬೆಳಕಳೆಯುವ ಮೀಟರ್ ಅದನ್ನು ನಡು ಬೂದುಬಣ್ಣಕ್ಕೆ ಎಳೆದು ಬಿಳುಚಿಸುತ್ತದೆ. ಎಕ್ಸ್‌ಪೋಷರನ್ನು ಎಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಮೈನಸ್ 0.7ರ ಆಸುಪಾಸಿಗೆ ಇಳಿಸಿದರೆ ಮೈಬಣ್ಣ ಇದ್ದಂತೆ ಬರುತ್ತದೆ. 85 ಎಂಎಂ ಲೆನ್ಸಿನಲ್ಲಿ ಬೆಳಕಿನ ಕಿಂಡಿಯನ್ನು ಅಗಲವಾಗಿ ತೆರೆದು, ಅಂದರೆ ಎಫ್ 1.4 ಇಟ್ಟು, ಹತ್ತಿರದಿಂದ ತೆಗೆದರೆ, ಮುಖ ಕೊಂಚ ಓರೆಯಾದರೂ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಕಿಂಡಿ ಕಿರಿದಾಗಿಸಿ ಎಫ್ 4ಕ್ಕೆ ಬಂದರೆ ಎರಡೂ ಉಳಿಯುತ್ತವೆ. ಇನ್ನು ಫೋಟೊ ತಿದ್ದುವ ತಂತ್ರಾಂಶದಲ್ಲಿ ಗೆರೆಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಸ್ಲೈಡರ್. ಅದನ್ನು ಎಳೆದೆಳೆದು ಸುಕ್ಕುಗಳನ್ನು ಬಿರುಕುಬಿಟ್ಟ ಕೆರೆಯಂಗಳ ಮಾಡುವುದು ಮುಪ್ಪಿಗೆ ತೋರುವ ಅಗೌರವ. ಅಂಥ ಚಿತ್ರಗಳಿಗೇ ಬಹುಮಾನ ಬರುತ್ತಿರುವುದು ನೋವಿನ ಸಂಗತಿ.

ತೂಗುಹಾಕುವಾಗಲೂ ಲಕ್ಷ್ಯ ಬೇಕು. ಹೊಳೆಯುವ ಗಾಜಿನಲ್ಲಿ ಎದುರಿನ ಟ್ಯೂಬ್‌ಲೈಟೂ ನೋಡುವವರ ಅಂಗಿಯೂ ಮೂಡಿ, ಚಿತ್ರದ ಕಣ್ಣುಗಳೇ ಕಾಣುವುದಿಲ್ಲ. ಮ್ಯಾಟ್ ಕಾಗದದಲ್ಲಿ ಮುದ್ರಿಸಿ, ಗಾಜಿಲ್ಲದೆ, ಚಿತ್ರದ ನಡುಭಾಗ ನೆಲದಿಂದ 145–150 ಸೆಂ.ಮೀ. ಎತ್ತರಕ್ಕೆ ಬರುವಂತೆ ಹಾಕಿದರೆ ಮುಖಾಮುಖಿ ಸಾಧ್ಯ.

ಸ್ಪರ್ಧೆ ಏರ್ಪಡಿಸುವ ಸಂಘಗಳಲ್ಲಿ ಒಂದು ಬಿನ್ನಹ: ಈ ವರ್ಷದ ಪ್ರವೇಶ ಪತ್ರದಲ್ಲೇ ಶೀರ್ಷಿಕೆಯ ಪಕ್ಕ ‘ಚಿತ್ರದಲ್ಲಿರುವವರು’ ಎಂಬ ಕಾಲಂ ಸೇರಿಸಿ. ಅದು ಖಾಲಿಯಿದ್ದು ಕಾರಣವನ್ನೂ ಬರೆಯದಿದ್ದರೆ ಆ ಚಿತ್ರವನ್ನು ತೀರ್ಪುಗಾರರ ಮುಂದಿಡಬೇಡಿ.

– ಭಾವಚಿತ್ರ ಛಾಯಾಗ್ರಾಹಕ, ಮೈಸೂರು