ಮುದಿ ನಕ್ಷತ್ರದ ಧೂಳೂ ಬೆಳಗುತ್ತದೆ

ಮಾನ್ಯರೇ,

ಮುಪ್ಪಾದ ನಕ್ಷತ್ರಗಳ ಕುರಿತ ಲೇಖನದಲ್ಲಿ ‘ಅವಕೆಂಪು ದೂರದರ್ಶಕ ಧೂಳನ್ನು ತೂರಿ ನೋಡುತ್ತದೆ’ ಎಂದಿತ್ತು. ಅದು ಅರ್ಧ ನಿಜ. ಅವಕೆಂಪು ಅಂದರೆ ಕೆಂಪಿಗಿಂತ ಉದ್ದ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕು. ಧೂಳು ಅಂದರೆ ಮುದಿ ನಕ್ಷತ್ರ ತಾನೇ ಹೊರಚೆಲ್ಲಿ ಚಿಪ್ಪಿನಂತೆ ಹೊದ್ದುಕೊಂಡದ್ದು. 2.2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ತರಂಗಾಂತರದಲ್ಲಿ ಧೂಳಿನ ತಡೆ ಕಣ್ಣಿಗೆ ಕಾಣುವ ಬೆಳಕಿನಲ್ಲಿರುವುದರ ಹತ್ತನೇ ಒಂದರಷ್ಟೇ. ಒಳಗಿನ ನಕ್ಷತ್ರ ಕಾಣುತ್ತದೆ. 10 ಮೈಕ್ರಾನಿಗೆ ಹೋದಿರೋ, ಮುಖ್ಯವಾಗಿ ಕಾಣುವುದು ಧೂಳೇ. ನಕ್ಷತ್ರದ ಬೆಳಕು ನುಂಗಿ ಕಾದ ಕಣಗಳು ಆ ಶಾಖವನ್ನೇ ಹೊರಸೂಸುತ್ತಿರುತ್ತವೆ.

ಲೆಕ್ಕ ಸುಲಭ. 2898ನ್ನು ಕೆಲ್ವಿನ್ ತಾಪಮಾನದಿಂದ ಭಾಗಿಸಿದರೆ ವಸ್ತು ಅತಿ ಹೆಚ್ಚು ಹೊಳೆಯುವ ತರಂಗಾಂತರ ಮೈಕ್ರಾನಿನಲ್ಲಿ ಸಿಗುತ್ತದೆ. ಕಣಗಳು ಆಗಷ್ಟೇ ಗಟ್ಟಿಯಾಗುವ, ಧೂಳಿನ ಚಿಪ್ಪಿನ ಒಳ ಅಂಚು ಸುಮಾರು 1000 ಕೆಲ್ವಿನ್: 2.9 ಮೈಕ್ರಾನ್. 300ಕ್ಕೆ ತಣಿದ ಹೊರಪದರ: 9.7. ಧೂಳು ಯಾವುದರದ್ದು ಅನ್ನುವುದಕ್ಕೂ ಗುರುತುಂಟು. ಮೀರಾ ಎಂಬ ಮುದಿ ನಕ್ಷತ್ರದಂತೆ ಆಮ್ಲಜನಕ ಹೆಚ್ಚಿರುವುದರ ಸುತ್ತ ಸಿಲಿಕೇಟ್. ರೋಹಿತದಲ್ಲಿ, ಅಂದರೆ ಬೆಳಕನ್ನು ತರಂಗಾಂತರವಾರು ಬಿಡಿಸಿದ ನಕ್ಷೆಯಲ್ಲಿ, ಅದರ ಉಬ್ಬು 9.7 ಮತ್ತು 18ರ ಆಸುಪಾಸು. ಇಂಗಾಲ ಹೆಚ್ಚಿದ್ದರೆ ಸಿಲಿಕಾನ್ ಕಾರ್ಬೈಡ್, 11.3ರ ಬಳಿ. (ಇಲ್ಲಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯಲ್ಲೂ ಸಿಲಿಕಾದ್ದೇ ದೊಡ್ಡ ಪಾಲು, ಆದರೆ ನಕ್ಷತ್ರದ ಕಣ ಅದಕ್ಕಿಂತ ಎಷ್ಟೋ ಸಣ್ಣದು, ಮೈಕ್ರಾನಿನ ಹತ್ತನೇ ಒಂದರ ಸುಮಾರು.) ಹೊಸಬರು ಎಡವುವುದು ಧೂಳಿನ ಚಿಪ್ಪು ತೀರಾ ದಪ್ಪವಿದ್ದಾಗ. ಹೊರಗಿನ ತಣ್ಣನೆಯ ಧೂಳು ಒಳಗಿನ ಹೊಳಪನ್ನು ನುಂಗಿ 9.7ರ ಉಬ್ಬು ತಗ್ಗಾಗಿಬಿಡುತ್ತದೆ. ತಗ್ಗು ಕಂಡು ಸಿಲಿಕೇಟ್ ಇಲ್ಲವೆಂದರೆ ಕೆಟ್ಟಿತು. ಅಲ್ಲಿರುವುದು ವಿಪರೀತ ಸಿಲಿಕೇಟ್.

ಈ ಕೆಲಸ ರಾಯಚೂರಿನಿಂದ ಯಾಕಾಗದು? ಇಲ್ಲಿನ ಬೇಸಿಗೆ ರಾತ್ರಿಯ 30 ಡಿಗ್ರಿ ಅಂದರೆ 303 ಕೆಲ್ವಿನ್. ಭಾಗಿಸಿ ನೋಡಿ: 9.6 ಮೈಕ್ರಾನ್. ಗಾಳಿ, ಕನ್ನಡಿ, ದೂರದರ್ಶಕದ ಕೊಳವೆ ಎಲ್ಲವೂ ಸಿಲಿಕೇಟ್ ಹೊಳೆಯುವಲ್ಲೇ ಹೊಳೆಯುತ್ತವೆ. ಹಾಡಹಗಲಲ್ಲಿ ನಕ್ಷತ್ರ ಹುಡುಕಿದ ಹಾಗೆ. ಅದಕ್ಕೇ ದೂರದರ್ಶಕದೊಳಗಿನ ಕಿರುಗನ್ನಡಿಯನ್ನು ಸೆಕೆಂಡಿಗೆ ಹಲವು ಸಲ ಅಲ್ಲಾಡಿಸಿ, ಒಮ್ಮೆ ನಕ್ಷತ್ರ ಒಮ್ಮೆ ಪಕ್ಕದ ಖಾಲಿ ಆಕಾಶ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಸಂವೇದಕವನ್ನೂ ಚೆನ್ನಾಗಿ ತಣಿಸಿಡಬೇಕು. ಗಾಳಿಯ ನೀರಾವಿ ಬೇರೆ ಅವಕೆಂಪನ್ನು ನುಂಗಿ ಕಾಡುತ್ತದೆ. ಹಾಗಾಗಿ ಎತ್ತರದ ಒಣ ಜಾಗ ಬೇಕು. ಅಬು ಪರ್ವತದ ಗುರುಶಿಖರದ 1.2 ಮೀಟರ್ ದೂರದರ್ಶಕ 1680 ಮೀಟರ್ ಎತ್ತರದಲ್ಲಿದೆ, ಲಡಾಖಿನ ಹಾನ್ಲೆಯ ವೀಕ್ಷಣಾಲಯ 4500ರಲ್ಲಿ. 1983ರ ಐರಾಸ್ ಎಂಬ ಅವಕೆಂಪು ಉಪಗ್ರಹ ಗಾಳಿಯ ಗೊಡವೆಯೇ ಬೇಡವೆಂದು ಮೇಲೇರಿ 12, 25, 60, 100 ಮೈಕ್ರಾನುಗಳಲ್ಲಿ ಆಕಾಶ ಜಾಲಾಡಿತು. ಅದನ್ನು ತಣಿಸಿಡುತ್ತಿದ್ದ ದ್ರವ ಹೀಲಿಯಂ ಹತ್ತು ತಿಂಗಳಿಗೆ ಮುಗಿಯಿತು.

ಒಂದು ಕೋರಿಕೆ. ಅವಕೆಂಪು ಚಿತ್ರಗಳ ಬಣ್ಣ ಆಮೇಲೆ ತುಂಬಿದ್ದು. ಮುಂದೆ ಅಚ್ಚು ಹಾಕುವಾಗ ಎಷ್ಟು ಮೈಕ್ರಾನಿನ ಚಿತ್ರವೆಂದು ಅಡಿಬರಹದಲ್ಲಿ ಸೇರಿಸಿ.

– ಭೌತಶಾಸ್ತ್ರ ಉಪನ್ಯಾಸಕರು, ರಾಯಚೂರು